ನನ್ನ ತೂಕಕ್ಕೊಂದು ಸೈಕಲ್ಲು

ಬ್ರಹ್ಮಪುತ್ರೆಯಲ್ಲಿ ದೋಣಿ ಹತ್ತಿದ್ದೇನೆ, ರಾಜಸ್ಥಾನದಲ್ಲಿ ಒಂಟೆಯಿಂದ ಬಿದ್ದಿದ್ದೇನೆ, ಕಲಕತ್ತೆಯ ಟ್ರಾಮಿನಲ್ಲಿ ಜೋತಾಡಿದ್ದೇನೆ. ಎಲ್ಲೂ ಯಾರೂ ಹೌಹಾರಲಿಲ್ಲ. ಐವತ್ತು ದಾಟಿದ ಮೇಲೆ ಚಿಕ್ಕೋಡಿಗೆ ಬಂದು "ಒಂದು ಸೈಕಲ್ ಕೊಳ್ಳಬೇಕು" ಅಂದೆ ನೋಡಿ, ಅವತ್ತಿನಿಂದ ನಾನು ಎಲ್ಲಿ ಹೋದರೂ ಯಾರಾದರೊಬ್ಬರು ಎದೆ ಮೇಲೆ ಕೈ ಇಟ್ಟುಕೊಳ್ಳುವುದು ಶುರುವಾಯಿತು.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸುತ್ತಲಿನ ಹಳ್ಳಿಗಳ ವಯಸ್ಕರ ಶಿಕ್ಷಣ ಕೇಂದ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಸ್ಸು ನಂಬಿದರೆ ಹೋದ ದಿನ ಹೋದೆ, ಬಂದ ದಿನ ಬಂದೆ. ಒಂದು ದಿನ ನಮ್ಮ ಆಫೀಸಿನ ಸಾಹೇಬರು ಕರೆದು, "ಬಾಯಿಯವರ, ತಿಂಗಳ ಮುಗಿಯೂದರಾಗ ನಿಮ್ಮ ಸ್ವಂತ ಗಾಡಿ ಮಾಡಿಕೊಳ್ರಿ. ಇಲ್ಲಾಂದ್ರ ಆಫೀಸಿನ್ಯಾಗ ಟೇಬಲ್ ಐತಿ, ಕುಂದರ್ರಿ" ಅಂದರು. ಆ ಟೇಬಲ್ಲನ್ನು ನೋಡಿದೆ. ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಒಂದೂರಲ್ಲಿ ಎರಡು ವರ್ಷ ನಿಂತವಳಲ್ಲ ನಾನು. ಗೋಡೆ ನೋಡುತ್ತ ನಿವೃತ್ತಿಯಾಗುವುದೆಂದರೆ ಜೀವ ಇದ್ದೂ ಸತ್ತ ಹಾಗೆ.

ಗ್ಯಾರಂಟಿ

ಬಜಾರಿನ ಸೈಕಲ್ ಅಂಗಡಿಗೆ ಹೋದೆ. ಮಾಲೀಕರು ಪಾಪ, ನಗುನಗುತ್ತ ಎದ್ದು ಬಂದರು.

"ಬರ್ರಿ ಅಕ್ಕಾರ. ಮಗಳಿಗ್ರೀ?"

"ಅಲ್ಲ."

"ಹಂಗಾದ್ರ ಮೊಮ್ಮಗಳಿಗೆ."

"ನನಗ್ರಿ."

ಅವರು ನನ್ನನ್ನು ನೋಡಿದರು. ಆಮೇಲೆ ಸಾಲಾಗಿ ನಿಂತ ಲೇಡೀಸ್ ಸೈಕಲ್‌ಗಳನ್ನು ನೋಡಿದರು. ಆಮೇಲೆ ಸೈಕಲ್‌ಗಳಿಗೂ ನನಗೂ ನಡುವೆ ಬಂದು ನಿಂತುಕೊಂಡರು. ನಾನು ಬಿಡಲಿಲ್ಲ. ಹಸಿರು ಬಣ್ಣದ್ದೊಂದನ್ನು ಹೊರಗೆ ತಂದು ಹತ್ತಿದೆ. ಪೋಸ್ಟಾಫೀಸಿನ ತನಕ ಚೆನ್ನಾಗೇ ಹೋಯಿತು. ಒಂದು ತಗ್ಗು ಬಂತು, ಕೆಳಗೆ ಹಪ್ಪಳ ಮುರಿದಂಥ ಸದ್ದಾಯಿತು. ಇಳಿದು ನೋಡಿದರೆ ಹಿಂದಿನ ಗಾಲಿ ಹರಿವಾಣದ ಹಾಗೆ ಬಗ್ಗಿತ್ತು.

ಹೆಗಲ ಮೇಲೆ ಹೊತ್ತು ತಂದೆ. "ಹೊಸಾ ಗಾಡಿ, ಗ್ಯಾರಂಟಿ ಐತೆಲ್ರಿ?" ಅಂದೆ.

ಅವರು ಬಗ್ಗಿದ ಗಾಲಿಯನ್ನು ಸವರುತ್ತ, ಬಹಳ ಮರ್ಯಾದೆಯಿಂದ ಹೇಳಿದರು: "ಐತ್ರಿ ಅಕ್ಕಾರ. ಆದ್ರ ಕಂಪನಿಯವ್ರು ಗ್ಯಾರಂಟಿ ಬರಿಯೂಮುಂದ ನಿಮ್ಮನ್ನ ನೋಡಿದ್ದಿಲ್ರಿ."

ಹಾಲಿನ ಗಾಡಿ

ಲೇಡೀಸ್ ಸೈಕಲ್ ಆಸೆ ಬಿಟ್ಟೆ. ಐನಾಪುರದಲ್ಲಿ ಹಾಲು ಹಾಕುವವನೊಬ್ಬ ಮೊಪೆಡ್ ತಗೊಂಡು ತನ್ನ ಹಳೇ ಸೈಕಲ್ ಮಾರಾಟಕ್ಕಿಟ್ಟಿದ್ದಾನೆ ಅಂತ ಸುದ್ದಿ ಬಂತು. ಹೋಗಿ ನೋಡಿದೆ. ಸೀಟಿನ ಮುಂದೆ ಎರಡು ಅಡ್ಡ ಬಾರು ಇದ್ದ ಗಂಡಸರ ಗಾಡಿ, ಕಬ್ಬಿಣದ ದೊಡ್ಡ ಕ್ಯಾರಿಯರ್. ಕಚ್ಚೆ ಹಾಕಿ ಸೀರೆ ಉಟ್ಟರೆ ಬಾರು ದಾಟುವುದು ಕಷ್ಟವೇ ಅಲ್ಲ. ನಮ್ಮ ಭಾಗದ ಹೆಂಗಸರು ಅದೇ ಉಡುಗೆಯಲ್ಲಿ ಮರ ಹತ್ತುತ್ತಾರೆ. "ನಾಕು ಕ್ಯಾನು ಹೇರಿ ತಿರಗೇನ್ರಿ ಇದರ ಮ್ಯಾಲ. ನೀವೇನ್ ಮಹಾ," ಅಂದ ಹಾಲಿನವ. ಯಾರಾದರೂ ನನಗೆ ಹೇಳಿದ ಅತ್ಯಂತ ಪ್ರೀತಿಯ ಮಾತು ಅದು.

ಬಸ್ಸಿನ ಮೇಲೆ ಹೇರಿಸಿ ತಂದು, ಮರುದಿನ ಬೆಳಿಗ್ಗೆ ನಮ್ಮ ಓಣಿಯಲ್ಲೇ ಹೊರಟೆ. ಅಡ್ಡ ಮಲಗಿದ್ದ ನಾಯಿಯನ್ನು ಎಬ್ಬಿಸಲು ಹ್ಯಾಂಡಲ್ಲಿಗಿದ್ದ ರಬ್ಬರ್ ಹಾರ್ನು ಒತ್ತಿದೆ. ಪೋಂವ್!

ನಾಯಿ ಏಳಲಿಲ್ಲ. ಎರಡೂ ಬದಿಯ ಬಾಗಿಲುಗಳು ತೆರೆದುಕೊಂಡವು. ಹಾಲಿನವರ ಹಾರ್ನೆಲ್ಲ ಒಂದೇ ದನಿ ಅಂತ ನನಗೇನು ಗೊತ್ತು? ಅರ್ಧ ನಿದ್ದೆಯ ಹೆಂಗಸರು ಹಾಲಿಗೆ ಪಾತೇಲಿ ಹಿಡಿದು ಸುತ್ತುಗಟ್ಟಿದರು. ಮುಂದಿದ್ದ ಅಜ್ಜಿ ಕಣ್ಣುಜ್ಜಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, ಬೆಚ್ಚಿಬಿದ್ದು, ಒಳಗೆ ಕೂಗಿದಳು:

"ಏ ಸೊಸಿ, ಹೊರಗ ಬಾ ಬೇ! ಆ ಹಾಲಿನವ ದಿನಾ ನಮಗ ನೀರು ಕೊಟ್ಟು, ಕೆನಿ ಎಲ್ಲಾ ಯಾರಿಗೆ ಹಾಕ್ತಿದ್ದ ಅಂತ ಇವತ್ತ ಗೊತ್ತಾತು!"

ತಂಬಾಕಿನ ಕಾಟಾ

ಹಾಲಿನ ಗಾಡಿಯ ಬಾರು ಗಟ್ಟಿಯಿತ್ತು, ಗಾಲಿ ಮುದಿಯಾಗಿತ್ತು. ವಾರದೊಳಗೆ ಕಡ್ಡಿಗಳು ಟಣ್ ಟಣ್ ಅಂತ ಒಂದೊಂದೇ ಹಾರತೊಡಗಿದವು. ತಿಂಗಳೂ ಮುಗಿಯುತ್ತ ಬಂದಿತ್ತು. ನಿಪ್ಪಾಣಿಯಲ್ಲಿ ತಂಬಾಕು ಹೇರುವ ಸೈಕಲ್‌ಗಳಿಗೆ ಗಾಲಿ ಕಟ್ಟುವ ಮಿಸ್ತ್ರಿಯೊಬ್ಬರಿದ್ದರು. ಅಲ್ಲಿಗೆ ಹೋದೆ.

"ದಪ್ಪ ಕಡ್ಡಿ ಹಾಕೂಣ್ರಿ," ಅಂದರು ಮಿಸ್ತ್ರಿ. "ತೂಕ ಎಷ್ಟ್ರಿ?"

"ಗೊತ್ತಿಲ್ಲ."

"ಅಂದಾಜಿಲೆ ಕಟ್ಟಿದ್ರ ನಾಳೆ ನಾನಽ ಬೈಸ್ಕೊಬೇಕು. ಎದುರಿಗೆ ವಖಾರ್ ಐತಿ, ತೂಗಿಸ್ಕೊಂಡು ಬರೂಣ್ ನಡೀರಿ."

ವಖಾರೆಂದರೆ ತಂಬಾಕಿನ ಗೋದಾಮು. ಅಲ್ಲಿ ಚೀಲ ತೂಗುವ ದೊಡ್ಡ ಕಾಟಾ ಇತ್ತು. ಸಾಲು ಬಿಡಿಸಿ ಹಮಾಲರು ನನ್ನನ್ನು ಹತ್ತಿಸಿದರು. ತೂಗುವವನ ಕಣ್ಣು ಮುಳ್ಳಿನ ಮೇಲೆ, ಮಾಲಿನ ಮೇಲಲ್ಲ. ಮರಾಠಿಯಲ್ಲಿ ಜೋರಾಗಿ ಅಂಕಿ ಕೂಗಿದ. ಆ ಅಂಕಿ ಇಲ್ಲಿ ಬರೆಯುವುದಿಲ್ಲ. ಕೂಗಿದವನು ರೂಢಿಯಂತೆ ಅದೇ ಉಸಿರಿನಲ್ಲಿ, "ಚೀಲದ್ದು ಎರಡು ಕಿಲೋ ವಜಾ, ಮಾಲು ಹಸಿ ಇದ್ದದ್ದಕ್ಕ ಎರಡು ವಜಾ," ಅಂದ.

ಹಿಂದೆ ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದ ದಲಾಲಿ, "ಮಾಲ ಯಾವೂರ್ದೋ?" ಅಂದ.

"ಚಿಕ್ಕೋಡಿದ್ರಿ," ಅಂದೆ ನಾನೇ.

"ಚಿಕ್ಕೋಡಿದಾ? ಭಾಳ ಹಸಿ ಇರ್ತೈತದು. ಇನ್ನೊಂದೆರಡು ತಗಿ."

ತೂಕದಲ್ಲಿ ಮೋಸ ಹೋಗಿ ನಾನು ಖುಷಿಪಟ್ಟಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಸಾಹೇಬರ ಪರೀಕ್ಷೆ

ತಿಂಗಳ ಕೊನೆಯ ದಿನ ಹೊಸ ಗಾಲಿಯ ಗಾಡಿಯನ್ನು ಆಫೀಸಿನ ಮುಂದೆ ನಿಲ್ಲಿಸಿದೆ. ಸಾಹೇಬರು ಹೊರಗೆ ಬಂದು ಗಾಲಿ ಒತ್ತಿದರು, ಕಡ್ಡಿ ಮೀಟಿದರು, ತಲೆ ಅಲ್ಲಾಡಿಸಿದರು. "ಹಾದ್ಯಾಗ ಇದು ಮುರದ್ರ ಇಲಾಖೆ ಮಾನ ಹೋಗ್ತೈತ್ರಿ. ಇವತ್ತ ಕರೋಶಿ ಕೇಂದ್ರಕ್ಕ ಹೊಂಟೀರೇನು? ನಾನಽ ಹಿಂದ ಕುಂತು ನೋಡ್ತೀನಿ. ಗಾಲಿ ತಡೀತಂದ್ರ ಟೂರು. ಇಲ್ಲಾಂದ್ರ ಟೇಬಲ್."

ಸಾಹೇಬರು ಕಡ್ಡಿಯಂಥ ಮನುಷ್ಯ. ಇಳಿಜಾರು ಬಂದದ್ದೇ ತಡ, ಕಣ್ಣು ಮುಚ್ಚಿ, ಎರಡೂ ಕೈಯಿಂದ ಸೀಟಿನ ಸ್ಪ್ರಿಂಗು ಹಿಡಿದು ಮುದುರಿಕೊಂಡರು. ನಮ್ಮ ಕಡೆ ಹೆಂಗಸಿನ ಸೈಕಲ್ ಹಿಂದೆ ಗಂಡಸು ಕೂರುವ ಪದ್ಧತಿಯೇ ಇಲ್ಲ. ಕೂತಿದ್ದಾನೆಂದರೆ ಜೀವಕ್ಕೆ ಕುತ್ತು ಬಂದಿರಬೇಕು. ಕಬ್ಬು ಕಡಿಯುತ್ತಿದ್ದವರು ಕುಡಗೋಲು ಬಿಸಾಕಿ ಓಡಿಬಂದರು.

"ಅಯ್ಯಯ್ಯ, ಯಜಮಾನ್ರಿಗೆ ಏನಾತ ಬೇ ಯಕ್ಕಾ?"

"ಏನಾಗಿಲ್ರಿ, ಇವರು ನಮ್ಮ ಸಾಹೇಬ್ರು," ಅಂದೆ.

"ದುಃಖದಾಗ ಏನರೆ ಅಂತಾಳ ಪಾಪ," ಅಂದಳೊಬ್ಬಳು, ಕಣ್ಣೊರೆಸಿಕೊಂಡು. ಇನ್ನೊಬ್ಬಳು ಉಳ್ಳಾಗಡ್ಡಿ ಜಜ್ಜಿ ಸಾಹೇಬರ ಮೂಗಿಗೆ ಹಿಡಿದಳು. ಅವರು ಕಣ್ಣಲ್ಲಿ ನೀರು ಸುರಿಸುತ್ತ, "ಬಿಡ್ರೋ ನನ್ನ!" ಅಂತ ಕೈಕಾಲು ಝಾಡಿಸಿದರು. "ಕೈಕಾಲು ಸೆಳ್ಯಾಕತ್ತಾವ, ಗಾಡಿ ಹೂಡ್ರಿ!" ಅಂದ ಒಬ್ಬ ಮುದುಕ. ನಾಲ್ಕು ಮಂದಿ ಎತ್ತಿ ಎತ್ತಿನ ಗಾಡಿಯಲ್ಲಿ ಮಲಗಿಸಿ ಒತ್ತಿ ಹಿಡಿದರು. ಗಾಡಿ ಚಿಕ್ಕೋಡಿ ದವಾಖಾನೆಯ ಕಡೆ ತಿರುಗಿತು.

ಒಳಗಿನಿಂದ ಸಾಹೇಬರ ತಲೆಯೊಂದೇ ಮೇಲೆದ್ದಿತು. "ಬಾಯಿಯವರ! ಗಾಲಿ ಗಟ್ಟಿ ಐತ್ರಿ! ಟೂರ್ ಮಂಜೂರ್ರಿ! ಇವರಿಗೆ ಹೇಳಿ ಬಿಡಸ್ರೀ!"

ಮುದುಕ ಆ ತಲೆಯನ್ನು ಮೆಲ್ಲಗೆ ಒಳಗೆ ಒತ್ತಿದ. "ಮೆದುಳಿಗೆ ಏರೈತಿ, ಬಡಬಡಸಾಕತ್ತಾನ."

ಆ ಮಂಜೂರಿ ಬರೀ ಬಡಬಡಿಕೆ ಅಂತ ನಾಳೆ ಸಾಹೇಬರೂ ಅನ್ನಬಾರದಲ್ಲ! ಇಷ್ಟು ಜನ ಸಾಕ್ಷಿ ಮತ್ತೆಲ್ಲಿ ಸಿಗುತ್ತಾರೆ? ಗಾಡಿಯ ಪಕ್ಕಕ್ಕೇ ಸೈಕಲ್ ತುಳಿಯುತ್ತ, "ಇನ್ನೊಂದ್ಸಲ ಜೋರಾಗಿ ಹೇಳ್ರಿ ಸಾಹೇಬ್ರ, ಎಲ್ಲಾರಿಗೂ ಕೇಳ್ಲಿ" ಅಂದೆ. ಹೇಳಿದರು. ನಾನು ಸೈಕಲ್ ತಿರುಗಿಸಿ ಕರೋಶಿಗೆ ಹೊರಟೆ.