ಪಾರಿಜಾತಕ್ಕೆ ಎಷ್ಟು ಎಸಳು?

ಚಿತ್ರ ಹೊತ್ತು ಬರುವ ಪದ್ಯವನ್ನು ನಾನು ಸುಲಭಕ್ಕೆ ನಂಬುವವನಲ್ಲ. ಪದ್ಯ ಗಟ್ಟಿಯಾಗಿದ್ದರೆ ಪಕ್ಕದಲ್ಲಿ ಬಣ್ಣವೇಕೆ ಎಂಬುದು ಸಂಸ್ಕೃತ ಮೇಷ್ಟರಾಗಿ ನಿವೃತ್ತನಾದ ನನ್ನ ಹಳೆಯ ಗುಮಾನಿ. ನಾವು ಓದಿದ ಕಾವ್ಯಗಳಲ್ಲಿ ವಸಂತ ಋತು ಶ್ಲೋಕದಲ್ಲೇ ಬಂದು ಹೋಗುತ್ತಿತ್ತು. ಪುಟದ ಮೇಲಿನ ಶಾಯಿಯ ಕಲೆ ಬಿಟ್ಟರೆ ಬೇರೆ ಚಿತ್ರವಿರಲಿಲ್ಲ. ಹೀಗಿರಲು, ನಮ್ಮೂರ ಶಾಲೆಯಲ್ಲಿ ಕಲಿಸುವ ಸೊಸೆ ಒಂದು ಬೆಳಿಗ್ಗೆ ಸಚಿತ್ರ ಪದ್ಯಪುಸ್ತಕವೊಂದನ್ನು ನನ್ನ ಮುಂದಿಟ್ಟಳು. "ಮಾವಯ್ಯ, ಇದನ್ನ ಮಕ್ಕಗೆ ಓದಿಸವು ಹೇಳಿ ಇದ್ದು. ತಪ್ಪು ಕಂಡ್ರೆ ಹೇಳಿ, ವಾಪಸ್ ಕೊಟ್ಟು ಬತ್ತೆ."

ತಪ್ಪು ಹುಡುಕಿಕೊಡಿ ಎಂದು ಯಾರಾದರೂ ಗೌರವದಿಂದ ಕೇಳಿ ಬಹುಕಾಲವಾಗಿತ್ತು. ದೇವರ ಮುಂದೆ ಹೂವಿನ ಹರಿವಾಣ ಸಿದ್ಧವಿದ್ದರೂ ಕೆಂಪು ಪೆನ್ನು ಹಿಡಿದು ಕೂತೆ. ಛಂದಸ್ಸು, ದುರದೃಷ್ಟವಶಾತ್, ಸರಿಯಾಗಿತ್ತು. ಸಿಕ್ಕಿಬಿದ್ದವನು ಚಿತ್ರಕಾರ. ನೆಲಕ್ಕುದುರಿದ ಪಾರಿಜಾತಗಳಲ್ಲಿ ಒಂದಕ್ಕೆ ಐದು ಎಸಳು, ಒಂದಕ್ಕೆ ಆರು, ಮತ್ತೊಂದಕ್ಕೆ ಏಳು! ಒಂದು ಹೂವಿನ ಮುಖ ಇನ್ನೊಂದಕ್ಕಿಲ್ಲ ಎಂದು ಪದ್ಯವೂ ಅವನ ಪರ ಸಾಕ್ಷಿ ನುಡಿಯುತ್ತಿತ್ತು. ಇಬ್ಬರಿಗೂ ಒಳಒಪ್ಪಂದವಿರಬೇಕು. ಐವತ್ತು ವರ್ಷ ಅಷ್ಟೋತ್ತರಕ್ಕೆ ಪಾರಿಜಾತ ಏರಿಸಿದವನಿಗೇ ಇವರು ಪಾರಿಜಾತ ತೋರಿಸುವುದೇ? ಏಳೆಸಳಿನ ಹೂವಿಗೆ ದಪ್ಪನೆಯ ಕೆಂಪು ಸುತ್ತು ಎಳೆದೆ.

ಪುರಾವೆಯೂ ಇರಲೆಂದು ಹರಿವಾಣದಿಂದ ಒಂದು ಹೂ ಎತ್ತಿಕೊಂಡೆ. ಆರು. ಇನ್ನೊಂದು, ಐದು. ಮೂರನೆಯದು ಕೇಸರಿ ತೊಟ್ಟಿನ ಮೇಲೆ ತಿರುಗುತ್ತಿರುವ ಪುಟ್ಟ ಚಕ್ರದಂತೆ ಎಸಳುಗಳನ್ನು ಓರೆ ಮಾಡಿಕೊಂಡಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಏಳೇ. ನೂರೆಂಟು ನಾಮಗಳಲ್ಲಿ ಒಂದನ್ನೂ ತಪ್ಪಿಸದವನು, ಭಗವಂತ ಇಷ್ಟು ಬಗೆಯಾಗಿ ಮಾಡಿ ಕಳಿಸಿದ್ದನ್ನು ಒಮ್ಮೆಯೂ ನೋಡದೆ ಅವನಿಗೇ ಹಿಂತಿರುಗಿಸುತ್ತಿದ್ದೆ. ಪೂಜೆ ಮರೆತು ಒಂದೊಂದೇ ಹೂವನ್ನು ಬೆಳಕಿಗೆ ಹಿಡಿಯತೊಡಗಿದೆ.

"ಎಂತದು, ಹೂವಲ್ಲಿ ಹುಳ ಇದ್ದಾ? ನೈವೇದ್ಯ ತಣಿದೋತು!" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

"ಇಲ್ಲೆ, ಹೂ ನೋಡ್ತಾ ಇದ್ದಿ."

"ಹಂಗಾರೆ ಇಷ್ಟು ವರ್ಷ ಕಣ್ಣು ಮುಚ್ಚಿಕಂಡು ಹಾಕಿದ್ರಾ?"

ಅಷ್ಟರಲ್ಲಿ ಸೊಸೆ ಶಾಲೆಗೆ ಹೊರಟು ಬಂದು ಪುಸ್ತಕ ತೆರೆದಳು. "ಮಾವಯ್ಯ, ಈ ಸುತ್ತು? ಚಿತ್ರ ತಪ್ಪಾ? ವಾಪಸ್ ಕೊಡವಾ?"

"ಛೇ, ಬ್ಯಾಡ! ಮಕ್ಕ ಅದನ್ನೇ ಗಮನ ಇಟ್ಟು ನೋಡವು ಹೇಳಿ ಹಾಕಿದ್ದು."

ಅವಳು ಕೆಂಪು ಪೆನ್ನನ್ನು ನೋಡಿದಳು. ಎಸಳಿನ ಲೆಕ್ಕದಂತೆ ನಾನು ಮಾಡಿಟ್ಟಿದ್ದ ಮೂರು ಗುಪ್ಪೆ ಹೂಗಳನ್ನು ನೋಡಿದಳು. ಕೊನೆಗೆ ನನ್ನ ಮುಖ ನೋಡಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ತರಗತಿಗೆ ತಡವಾಗಿ ಬಂದ ಮಕ್ಕಳ ನೆಪಗಳನ್ನು ಕೇಳುವಾಗ, ನಾನೂ ಹೀಗೆಯೇ ನೋಡುತ್ತಿದ್ದೆ.