ಕುಬಸ ಹೊಲಿಯುವವಳ ಶಿಕಾರಿ ಚೀಲ

ತಮಗೆ ಬಾರದ ಕೆಲಸವನ್ನು ಬಾರದು ಎಂದು ಒಪ್ಪಿಕೊಳ್ಳುವವರು ಪುಣ್ಯವಂತರು. ಅವರ ಕೆಲಸವನ್ನು ಬೇರೆಯವರು ಮಾಡಿಕೊಡುತ್ತಾರೆ, ಅವರು ನೆರಳಲ್ಲಿ ಕೂತು ಚಹಾ ಕುಡಿಯುತ್ತಾರೆ. ನಾನು ಆ ಪೈಕಿಯವಳಲ್ಲ. ಯಾರು ಯಾವ ಕೆಲಸದ ಹೆಸರು ಹೇಳಿದರೂ ‘ಅದರಾಗೇನೈತಿ’ ಎಂಬ ಮಾತು ನನ್ನ ಅಪ್ಪಣೆಗೂ ಕಾಯದೆ ನನ್ನ ಬಾಯಿಂದ ಹೊರಬೀಳುತ್ತದೆ. ಅತ್ತೆಯ ಗೋಡೆ ಗಡಿಯಾರ ನಿಂತಾಗ ಹೀಗೇ ಅಂದು ಅದನ್ನು ಬಿಚ್ಚಿ ಜೋಡಿಸಿದೆ. ಅದು ಈಗಲೂ ಓಡುತ್ತಿದೆ, ಬನಹಟ್ಟಿಯ ಉಳಿದೆಲ್ಲ ಗಡಿಯಾರಗಳನ್ನು ಹಿಂದೆ ಹಾಕಿ.

ನಾನು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ನಮ್ಮ ಮನೆಯವರು ಪವರ್‌ಲೂಮ್ ಮಗ್ಗ ನಡೆಸುತ್ತಾರೆ. ಹಿಂದಿನ ಕೋಣೆಯಲ್ಲಿ ಅವರ ಮಗ್ಗ ಖಟಖಟ ಎನ್ನುತ್ತದೆ, ಮುಂದಿನ ಕೋಣೆಯಲ್ಲಿ ನನ್ನ ಮಶೀನು ಟರ್ರೆನ್ನುತ್ತದೆ, ನಡುವಿನ ಕೋಣೆಯಲ್ಲಿ ಅತ್ತೆ ಇವೆರಡನ್ನೂ ಮೀರಿಸಿ ಮಾತಾಡುತ್ತಾರೆ. ಬಾಗಿಲಲ್ಲಿ ನಿಂತ ಹೆಂಗಸನ್ನು ಕಣ್ಣಲ್ಲೇ ಅಳೆದು ಕುಬಸ ಕತ್ತರಿಸುವವಳು ಎಂದು ಓಣಿಯಲ್ಲಿ ನನಗೆ ಹೆಸರಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಹೇಳುವುದು ಸಾಕಾಗದ್ದರಿಂದ ಹೇಳಬೇಕಾಗಿದೆ.

ನನ್ನ ತವರು ಬೀಳಗಿ ತಾಲೂಕಿನಲ್ಲಿ, ಅನಗವಾಡಿಯ ಕಡೆ, ಹೊಳೆಯ ದಂಡೆಗೆ. ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಆ ಊರು ಹೊಳೆಯ ಒಳಗಾಯಿತು, ನಮ್ಮವರು ದಿಬ್ಬದ ಮೇಲಿನ ಹೊಸ ಊರಿಗೆ ಬಂದರು. ಅಪ್ಪ ಕುರಿ ಕಾಯ್ದು ಬಾಳಿದವನು, ಬೀರೇಶ್ವರನ ಭಕ್ತ, ಮೂರು ಮಾತು ಆಡುವ ಕಡೆ ಒಂದು ಆಡುವವನು. ಅವನ ಬಳಿ ಗಾಳ್ಯಾ ಎಂಬ ಮುಧೋಳ ನಾಯಿ. ಬಡಕಲು ಹೊಟ್ಟೆ, ಉದ್ದ ಕಾಲು, ಓಡಿದರೆ ಬರೀ ಧೂಳು ಕಾಣುತ್ತದೆ. ಮುತ್ಯಾನ, ಅಂದರೆ ಅಪ್ಪನ ಅಪ್ಪನ, ಕಾಲಕ್ಕೆ ನಮ್ಮ ಮನೆಯಲ್ಲಿ ಶಿಕಾರಿ ಇತ್ತು. ಅಪ್ಪನೂ ಹರೆಯದಲ್ಲಿ ನಾಯಿ ಕಟ್ಟಿಕೊಂಡು ಮೊಲದ ಹಿಂದೆ ಹೋದವನೇ. ಶಿಕಾರಿ ನಿಲ್ಲಿಸಿದ್ದು ಕಾಯಿದೆ ಬಂದದ್ದಕ್ಕೆ ಎಂದು ಅಪ್ಪ ಹೇಳುತ್ತಾನೆ. ಅವ್ವ ಇದ್ದಾಗ ಬೇರೆ ಹೇಳುತ್ತಿದ್ದಳು. ‘ಕಾಯಿದೆ ಬರೂದಕ್ಕಿಂತ ಮೊದ್ಲ ನಿಮ್ಮಪ್ಪನ ಕೈಗೆ ಒಂದ ಮೊಲರೆ ಸಿಕ್ಕಿತ್ತೇನು ಕೇಳು’ ಅಂತ.

ಒಂದು ಜನವರಿಯ ಮೊದಲಲ್ಲಿ ಅಪ್ಪ ಹೇಳದೆ ಕೇಳದೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಹೆಗಲಿಗೆ ಅಡ್ಡಲಾಗಿ ಹಳೆಯದೊಂದು ತೊಗಲಿನ ಪಟ್ಟಿ ಹಾಕಿಕೊಂಡಿದ್ದ. ಪಟ್ಟಿಯ ಎರಡೂ ತುದಿ ಸೊಂಟದ ಹತ್ತಿರ ಬಂದು ಏನನ್ನೂ ಹಿಡಿಯದೆ ಜೋತಾಡುತ್ತಿದ್ದವು.

‘ಅಪ್ಪಾ, ಇದು ಮುತ್ಯಾನ ಶಿಕಾರಿ ಚೀಲದ ಪಟ್ಟಿ ಅಲ್ಲೇನು? ಚೀಲ ಎಲ್ಲೈತಿ?’ ಎಂದು ಕೇಳಿದೆ.

‘ಇಲಿ ಹೊಟ್ಟ್ಯಾಗ ಐತಿ’ ಎಂದ ಅಪ್ಪ.

ಚಹಾ ಕುಡಿದ ಮೇಲೆ ಸಂಗತಿ ಹೊರಬಂತು. ಬೀಳಗಿಯ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರು ಊರಿಗೇ ಬಂದು, ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಅಪ್ಪ ತನ್ನ ನಾಯಿಯ ಜೊತೆ ಮುಂದೆ ನಡೆಯಬೇಕು, ಹಿಂದಿನ ಬೇಟೆಗಾರರು ಹೇಗಿದ್ದರೆಂದು ಮಕ್ಕಳು ನೋಡಬೇಕು ಎಂದು ಕೇಳಿದ್ದರು. ಕಂಬಳಿ, ರುಮಾಲು, ಕೋಲು ಎಲ್ಲ ಇವೆಯಲ್ಲ ಎಂದು ಅವರು ಕೇಳಿದಾಗ ಅಪ್ಪ, ‘ನಮ್ಮಪ್ಪನ ಶಿಕಾರಿ ಚೀಲಾನೂ ಐತ್ರಿ’ ಎಂದುಬಿಟ್ಟಿದ್ದ. ಅವರು ಹೋದ ಮೇಲೆ ಅಟ್ಟದಿಂದ ಗಂಟು ಇಳಿಸಿ ಬಿಚ್ಚಿದರೆ ಪಟ್ಟಿಯೊಂದು, ಹಿತ್ತಾಳೆಯ ಕೊಂಡಿಯೊಂದು, ಒಂದಿಷ್ಟು ಪುಡಿ.

‘ಹಳೇ ಊರಿಂದ ತಂದ ಸಾಮಾನದಾಗ ಅಪ್ಪಂದು ಅಂತ ಅದೊಂದ ಇತ್ತವಾ’ ಎಂದ ಅಪ್ಪ. ‘ಐತಿ ಅಂತ ಹೇಳೇನಿ. ಈಗ ಹೋಗಿ ಇಲ್ಲ ಅಂತ ಹೆಂಗ ಹೇಳಲಿ.’

ಅತ್ತೆ ಕರುಣೆಯಿಂದಲೇ, ‘ಪ್ಯಾಟ್ಯಾಗ ಬೇಕಾದಂಥಾ ರೆಕ್ಸಿನ್ ಚೀಲ ಸಿಗತಾವ್ರಿ ಬೀಗರ, ಒಂದು ತಗೊಂಡ್ರ ಆತು’ ಎಂದರು. ಅಪ್ಪ ಗೋಡೆಯ ಕಡೆ ತಿರುಗಿ ಕೂತ. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ‘ಅದರಾಗೇನೈತಿ ಅಪ್ಪಾ, ನಾ ಹೊಲೀತೇನಿ’ ಎಂದೆ.

ಹಿಂದಿನ ಕೋಣೆಯಲ್ಲಿ ಮಗ್ಗ ನಿಂತಿತು. ನಮ್ಮ ಮನೆಯವರು ಬಾಗಿಲಿಗೆ ಬಂದು, ‘ಏನು ಹೊಲೀತಿ?’ ಎಂದರು. ‘ತೊಗಲಿನ ಶಿಕಾರಿ ಚೀಲ’ ಎಂದೆ. ಅವರು ನನ್ನನ್ನು ಒಮ್ಮೆ ನೋಡಿದರು, ಗಡಿಯಾರವನ್ನು ಒಮ್ಮೆ ನೋಡಿದರು, ಒಳಗೆ ಹೋಗಿ ಮತ್ತೆ ಮಗ್ಗ ಶುರು ಮಾಡಿದರು.

ತೊಗಲಿಗಾಗಿ ಜಮಖಂಡಿಗೆ ಹೋದೆ. ಚಪ್ಪಲಿ ಮಾಡುವ ಅಂಗಡಿಯವನು ಹದ ಮಾಡಿದ ಆಡಿನ ತೊಗಲುಗಳನ್ನು ಬಿಚ್ಚಿ ಹರಡಿ, ‘ಡೊಳ್ಳಿಗೇನ್ರಿ?’ ಎಂದ. ಚೀಲಕ್ಕೆ ಎಂದೆ. ‘ಹೊಲಿಯೋರು ಯಾರ್ರಿ?’ ಎಂದ. ‘ನಾನ’ ಎಂದೆ. ಅವನು ಒಳಗೆ ಒಲೆಯ ಮುಂದಿದ್ದ ತನ್ನ ಹೆಂಡತಿಯನ್ನು ಕರೆದು, ‘ಇಲ್ಲಿ ಬಾ ಇಲ್ಲಿ, ಇವರನ್ನ ನೋಡು’ ಎಂದ. ಅವಳು ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ಚೆನ್ನಾಗಿ ನೋಡಿ, ‘ಅಡಗಿ ಬಿಟ್ಟು ಬಂದೇನಿ’ ಎಂದು ಒಳಗೆ ಹೋದಳು. ತೊಗಲಿನ ಜೊತೆಗೆ ಅದನ್ನು ಕತ್ತರಿಸುವ ಅಗಲ ಬಾಯಿಯ ರಂಪಿಗೆಯನ್ನೂ ತೂತು ಹಾಕುವ ಆರಿಯನ್ನೂ ಕೊಂಡೆ. ಮರಳಿ ಬರುವ ಬಸ್ಸಿನಲ್ಲಿ ನೂಕುನುಗ್ಗಲು. ನಾನು ತೊಗಲಿನ ಸುರುಳಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದವರು ಎದ್ದು ನಿಂತರು, ಆಮೇಲೆ ಮುಂದಿನ ಸೀಟಿನವರು. ಆ ಬಸ್ಸಿನಲ್ಲಿ ನನಗೆ ಸಿಕ್ಕಷ್ಟು ಜಾಗ ಯಾವ ಶಾಸಕರಿಗೂ ಸಿಕ್ಕಿರಲಿಕ್ಕಿಲ್ಲ.

ಅತ್ತೆಯ ಮೂಗು ಬಸ್ಸಿನವರ ಮೂಗಿಗಿಂತ ಚುರುಕು. ತೊಗಲು ದೇವರ ಕೋಣೆಯ ಹತ್ತಿರ ಬರಕೂಡದು, ಅಡುಗೆ ಮನೆಗೆ ಬರಕೂಡದು, ಮಲಗುವಲ್ಲಿ ಬರಕೂಡದು ಎಂದು ಕಟ್ಟಪ್ಪಣೆಯಾಯಿತು. ಉಳಿದದ್ದು ಅಂಗಳ. ಅಂಗಳಕ್ಕೆ ಹಾಕಿದರೆ ಓಣಿಯ ನಾಯಿಗಳೆಲ್ಲ ಬಂದು ರೇಶನ್ ಅಂಗಡಿಯ ಮುಂದೆ ಕೂತಂತೆ ಸಾಲಾಗಿ ಕೂತವು. ಕಡೆಗೆ ನಮ್ಮ ಮನೆಯವರು ಅದನ್ನು ಬಟ್ಟೆ ಒಣಹಾಕುವ ಗಳಕ್ಕೆ ಎತ್ತರದಲ್ಲಿ ಕಟ್ಟಿದರು. ಇದರಿಂದ ನಾಯಿಗಳಿಗೆ ಕತ್ತು ನೋವಾಯಿತೇ ಹೊರತು ಅವು ಹೋಗಲಿಲ್ಲ.

ಮೊದಲು ಹಳೆಯ ಚಾದರದಲ್ಲಿ ಒಂದು ಮಾದರಿ ಹೊಲಿದು ನೋಡೋಣವೆಂದುಕೊಂಡೆ. ಚಿಕ್ಕಂದಿನಲ್ಲಿ ಮುತ್ಯಾನ ಚೀಲ ನೋಡಿದ ನೆನಪಿತ್ತು. ಕೆಳಗೆ ದುಂಡಗೆ, ಮೇಲೊಂದು ಮುಚ್ಚಳ, ಮುಚ್ಚಳದ ಅಂಚಿಗೂ ಚೀಲದ ತಳಕ್ಕೂ ತೊಗಲಿನ ಎಳೆಗಳು ಇಳಿಬಿದ್ದ ಕುಚ್ಚು. ಕಣ್ಣಳತೆಯಲ್ಲೇ ಕತ್ತರಿಸಿದೆ, ಹೊಲಿದೆ, ಅಪ್ಪನ ಮುಂದೆ ಹಿಡಿದೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಗಂಭೀರವಾಗಿ, ‘ಯಾರದವಾ ಇದು ಕುಬಸ?’ ಎಂದ. ನಿಜಕ್ಕೂ ಅದಕ್ಕೆ ನಾನು ನನಗರಿವಿಲ್ಲದೆಯೇ ಎರಡು ಬದಿಗೂ, ಎದೆಯ ಅಳತೆಗೆ ಬಟ್ಟೆ ಮಡಚಿ ಹೊಲಿಯುವ ಕುಬಸದ ಟಕ್ಸು ಹಿಡಿದುಬಿಟ್ಟಿದ್ದೆ. ವರ್ಷಗಟ್ಟಲೆ ಒಂದೇ ದಾರಿಯಲ್ಲಿ ನಡೆದ ಎತ್ತು ಕಣ್ಣು ಮುಚ್ಚಿದರೂ ಅದೇ ಹೊಲಕ್ಕೆ ಹೋಗುತ್ತದಂತೆ, ಹಾಗಾಗಿತ್ತು ನನ್ನ ಕತ್ತರಿ. ಅತ್ತೆ ನಕ್ಕು ನಕ್ಕು ಸೆರಗು ಬಾಯಿಗಿಟ್ಟುಕೊಂಡರು. ಅಪ್ಪ ಮಾತ್ರ ನಗದೆ, ಬಳಪ ತೆಗೆದುಕೊಂಡು ನೆಲದ ಮೇಲೆ ಚೀಲದ ಆಕಾರ ಬರೆದ. ಅಪ್ಪನಿಗೆ ಅಕ್ಷರ ಬಾರದು, ಆದರೆ ಆ ಗೆರೆ ಎಲ್ಲೂ ನಡುಗಲಿಲ್ಲ. ಅದನ್ನೇ ಕಾಗದಕ್ಕಿಳಿಸಿ ತೊಗಲಿನ ಮೇಲಿಟ್ಟು ರಂಪಿಗೆ ಹಿಡಿದೆ.

ತೊಗಲು ಅರಿವೆಯಂತಲ್ಲ. ಅರಿವೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಗಿರಾಕಿಗೆ ಇದೇ ಈಗಿನ ಫ್ಯಾಶನ್ ಎಂದೂ ಹೇಳಬಹುದು. ತೊಗಲಿನಲ್ಲಿ ತಪ್ಪಿದ ತೂತು ತೂತಾಗಿಯೇ ಇರುತ್ತದೆ. ಮಶೀನಿಗೆ ಕೊಟ್ಟೆ. ಸೂಜಿ ಟಕ್ ಎಂದು ಮುರಿದು ನನ್ನ ಕಿವಿಯ ಪಕ್ಕದಿಂದ ಹಾರಿತು. ಇನ್ನೊಂದು ಹಾಕಿದೆ, ಅದೂ ತನ್ನ ಅಣ್ಣನ ದಾರಿ ಹಿಡಿಯಿತು. ಮಶೀನು ಬಿಟ್ಟು, ಆರಿಯಿಂದ ಒಂದೊಂದೇ ತೂತು ಹಾಕಿ, ಮೇಣ ಸವರಿದ ದಪ್ಪ ದಾರವನ್ನು ಎರಡು ಕಡೆಯಿಂದಲೂ ಪೋಣಿಸಿ ಎಳೆದು ಬಿಗಿಯುವುದಕ್ಕೆ ಕೂತೆ. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡೆ. ಗಿರಾಕಿಗಳ ಕುಬಸಗಳು ಮೂಲೆಯಲ್ಲಿ ಗುಡ್ಡೆಯಾದವು. ಮದುವೆಗೆಂದು ಬಟ್ಟೆ ಕೊಟ್ಟವಳೊಬ್ಬಳು ಬಂದು ನನ್ನ ಕೈಯಲ್ಲಿದ್ದುದನ್ನು ನೋಡಿ, ‘ನಂದು ಬ್ಯಾರೇ ಬಟ್ಟಿ ಇತ್ತಲ್ಲಕ್ಕಾ’ ಎಂದು ಗಾಬರಿಯಾದಳು.

ಚೀಲ ನಿಂತಿತು. ಇದನ್ನು ಸ್ವಲ್ಪ ದೊಡ್ಡ ದನಿಯಲ್ಲೇ ಹೇಳುತ್ತೇನೆ. ನೆಲಕ್ಕಿಟ್ಟರೆ ತುಂಬಿದ ತಂಬಿಗೆಯಂತೆ ತಾನೇ ನಿಂತಿತು. ಉಳಿದದ್ದು ಕುಚ್ಚು. ಈ ಕುಚ್ಚು ಯಾಕೆ ಬೇಕು ಎಂಬುದಕ್ಕೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಮಳೆನೀರು ಎಳೆ ಹಿಡಿದು ಇಳಿದು ಹೋಗಲಿ ಅಂತ, ಅಡವಿಯಲ್ಲಿ ಏನಾದರೂ ಕಟ್ಟಬೇಕಾದರೆ ಒಂದೆಳೆ ಕಿತ್ತುಕೊಳ್ಳಲಿ ಅಂತ ಎಂದ ಅಪ್ಪ. ದೃಷ್ಟಿ ತಾಗದಿರಲಿ ಅಂತ ಎಂದರು ಅತ್ತೆ. ‘ಸೀರಿ ಸೆರಗಿಗೆ ಯಾತಕ್ಕ ಬಿಡತಾರ? ಚಂದ ಕಾಣಲಿ ಅಂತ, ಅಷ್ಟ’ ಎಂದರು ನಮ್ಮ ಮನೆಯವರು. ಶಾಸ್ತ್ರ ಏನೇ ಇರಲಿ, ಎಳೆಗಳನ್ನು ಸಮವಾಗಿ ಸೀಳಬೇಕಾದವಳು ನಾನು. ಉಳಿದ ಚೂರೊಂದರಲ್ಲಿ ಸೀಳಿ ನೋಡಿದೆ. ಒಂದು ಎಳೆ ಶಾವಿಗೆಯಷ್ಟು, ಇನ್ನೊಂದು ಬೆಲ್ಟಿನಷ್ಟು. ಕುಚ್ಚಿಗಾಗಿ ಎತ್ತಿಟ್ಟ ತೊಗಲು ಒಂದೇ ಪಟ್ಟಿ, ತಪ್ಪಿದರೆ ಬೇರೆ ಇಲ್ಲ. ರಂಪಿಗೆ ಕೆಳಗಿಟ್ಟೆ. ಬಾಯಿಂದ ‘ಅದರಾಗೇನೈತಿ’ ಬರಲಿಲ್ಲ.

ಮಗ್ಗ ನಿಂತದ್ದು ನನಗೆ ಗೊತ್ತಾಗಲಿಲ್ಲ. ನಮ್ಮ ಮನೆಯವರು ಮಗ್ಗದ ಹಳೆಯ ಫಣಿಯೊಂದನ್ನು ತಂದು ಪಕ್ಕದಲ್ಲಿ ಕೂತರು. ಫಣಿಯೆಂದರೆ ಹಾಸಿನ ಎಳೆಗಳು ಒಂದೊಂದಾಗಿ ಹಾಯುವ, ಉದ್ದ ಬಾಚಣಿಗೆಯಂಥ ಚೌಕಟ್ಟು. ಅದರ ಹಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಅದನ್ನು ತೊಗಲಿನ ಮೇಲೆ ಒತ್ತಿ ಹಿಡಿದು, ಇಷ್ಟು ಹಲ್ಲಿಗೊಂದು ಗುರುತು ಎಂದು ಬಳಪದಿಂದ ಚುಕ್ಕಿ ಇಡುತ್ತ ಹೋದರು. ‘ಈಗ ಕೊಯ್ಯಿ. ನಾ ಹಿಡಕೋತೇನಿ’ ಎಂದರು. ‘ಮಗ್ಗ ನಿಂತೈತಲ್ಲರಿ’ ಎಂದೆ. ‘ನಿಲ್ಲಲಿ. ಮಾವನೋರು ಮಾತು ಕೊಟ್ಟಾರ’ ಎಂದರು. ಅವರು ಹಿಡಿದರು, ನಾನು ಸೀಳಿದೆ. ಆಮೇಲೆ ಎಳೆಗಳನ್ನು ಒದ್ದೆ ಮಾಡಿ, ಸೆರಗಿನ ಕುಚ್ಚು ಹೊಸೆಯುವಂತೆ ಅಂಗೈಯಲ್ಲಿ ಒಂದೊಂದನ್ನೇ ಹೊಸೆದು ಒಣಗಿಸಿದರು. ಅಂಥ ಕುಚ್ಚು ಮುತ್ಯಾನ ಚೀಲಕ್ಕೂ ಇದ್ದಿರಲಾರದು. ಕುಸುಬಿ ಎಣ್ಣೆ ಸವರಿ ಸವರಿ ಬಿಸಿಲಿಗಿಟ್ಟ ಮೇಲೆ ತೊಗಲು ಹುರಿದ ಶೇಂಗಾದ ಬಣ್ಣಕ್ಕೆ ತಿರುಗಿತು. ಮುತ್ಯಾನ ಪಟ್ಟಿಯನ್ನೂ ಹಿತ್ತಾಳೆ ಕೊಂಡಿಯನ್ನೂ ಅದಕ್ಕೇ ಜೋಡಿಸಿದೆ.

ಅಪ್ಪ ಬಂದು ಹೆಗಲಿಗೆ ಹಾಕಿಕೊಂಡ. ಅತ್ತೆ, ನಮ್ಮ ಮನೆಯವರು, ನಾನು, ಮೂವರೂ ಅವನ ಬಾಯಿ ನೋಡುತ್ತ ನಿಂತೆವು. ಅಪ್ಪ ಮುಚ್ಚಳ ತೆಗೆದ, ಮೂಗಿಟ್ಟು ವಾಸನೆ ನೋಡಿದ, ಕುಚ್ಚಿನ ಮೇಲೆ ಕೈಯಾಡಿಸಿದ. ‘ಸುಣ್ಣದ ಡಬ್ಬಿ ಎಲ್ಲಿಡೂದು?’ ಎಂದ. ನಾನು ಸಿಟ್ಟಿನಲ್ಲಿಯೇ ಒಳಗೊಂದು ಸಣ್ಣ ಕಿಸೆ ಹೊಲಿದುಕೊಟ್ಟೆ. ಅಪ್ಪ ಸೊಂಟದ ಗಂಟಿನಿಂದ ಬೀರೇಶ್ವರನ ಭಂಡಾರದ ಅರಿಶಿನ ತೆಗೆದು, ಮೊದಲು ಚೀಲಕ್ಕೆ ಹಚ್ಚಿದ, ಆಮೇಲೆ ನನ್ನ ಹಣೆಗೆ ಹಚ್ಚಿದ. ಅದೇನೂ ಹೊಗಳಿಕೆಯ ಮಾತಲ್ಲ. ಆದರೆ ಅಂದು ನಾನು ಮುಖ ತೊಳೆಯಲಿಲ್ಲ.

ಮೆರವಣಿಗೆಯ ದಿನ ಬೀಳಗಿಗೆ ಹೋಗಿ, ಪರಿಚಯವಿದ್ದವರಿಗೂ ಇಲ್ಲದವರಿಗೂ ಚೀಲದ ವಿಷಯ ಹೇಳುತ್ತ ರಸ್ತೆಯ ಬದಿಗೆ ನಿಂತೆ. ಬ್ಯಾಂಡಿನ ಹಿಂದೆ ಅಪ್ಪ ಬಂದ. ಕಂಬಳಿ, ಕೆಂಪು ರುಮಾಲು, ಸೊಂಟದಲ್ಲಿ ಹೆಜ್ಜೆಗೊಮ್ಮೆ ತೂಗುವ ಕುಚ್ಚು. ಗಾಳ್ಯಾನಿಗೆ ಜನರ ಗದ್ದಲವೆಂದರೆ ಆಗದು, ಹಗ್ಗ ಕಿತ್ತುಕೊಂಡು ಓಡುತ್ತದೆಂದು ತವರಿನಲ್ಲಿ ಅಪ್ಪನ ಜೊತೆಗಿರುವ ನನ್ನ ಅಣ್ಣ ಹೆದರಿದ್ದ. ಅದು ಓಡಲಿಲ್ಲ. ಆಡಿನ ವಾಸನೆ ಬಿಡದ ಆ ಚೀಲಕ್ಕೆ ಮೂಗು ಹಚ್ಚಿಕೊಂಡು, ಒಂದು ಗೇಣೂ ಆಚೀಚೆ ಸರಿಯದೆ ಅಪ್ಪನ ಜೊತೆ ಹೆಜ್ಜೆ ಹಾಕಿತು. ‘ಏನು ಶಿಸ್ತು ನೋಡ್ರಿ ಆ ನಾಯೀದು’ ಎಂದು ಜನ ಚಪ್ಪಾಳೆ ತಟ್ಟಿದರು.

ಮೈದಾನದಲ್ಲಿ ಅಪ್ಪನಿಗೆ ಶಾಲು ಹೊದಿಸಿದರು. ಹೆಡ್‌ಮಾಸ್ತರರು ಮೈಕಿನಲ್ಲಿ ಚೀಲ ಎತ್ತಿ ತೋರಿಸಿ, ‘ಮಕ್ಕಳೇ, ಇದು ಇವರ ತಂದೆಯವರ ಕಾಲದ ಚೀಲ. ಈ ಹೊಲಿಗೆ ನೋಡಿ, ಈ ಕುಚ್ಚು ನೋಡಿ. ಇಂಥ ಕೆಲಸ ಈಗ ಯಾರಿಗೂ ಬರುವುದಿಲ್ಲ’ ಎಂದರು. ಜನರ ನಡುವಿದ್ದ ನಾನು ತುದಿಗಾಲಿನಲ್ಲಿ ನಿಂತೆ. ಆಗ ನನ್ನ ಅಪ್ಪ, ಕುರಿಗಳ ಮುಂದೆ ಕೂಡ ದನಿ ಎತ್ತದವನು, ಮೈಕಿನ ಹತ್ತಿರ ಬಾಗಿ, ‘ಪಟ್ಟಿ ನಮ್ಮಪ್ಪಂದರಿ. ಚೀಲ ನನ್ನ ಮಗಳು ಹೊಲಿದದ್ದು. ಬನಹಟ್ಟ್ಯಾಗ ಕುಬಸ ಹೊಲೀತಾಳ್ರಿ’ ಎಂದ. ಇಡೀ ಮೈದಾನ ನಕ್ಕಿತು. ಹೆಡ್‌ಮಾಸ್ತರರೂ ನಕ್ಕು, ‘ಅಜ್ಜಾರು ಭಾಳ ಚೇಷ್ಟಿ ಮಾಡತಾರ’ ಎಂದು ಮೈಕು ತೆಗೆದುಕೊಂಡರು. ಅಪ್ಪ ನಗಲಿಲ್ಲ. ಜನರ ನಡುವೆ ನನ್ನನ್ನು ಹುಡುಕಿ, ಸಿಕ್ಕಿದ ಮೇಲೆ ಒಮ್ಮೆ ತಲೆಯಾಡಿಸಿದ. ನನಗೆ ಶಾಲು ಬೇಕಾಗಲಿಲ್ಲ.

ಈಗ ಚೀಲ ತವರಿನ ಪಡಸಾಲೆಯ ಗೂಟಕ್ಕೆ ತೂಗುತ್ತಿದೆ. ಮೆರವಣಿಗೆಯ ಸುದ್ದಿ ಹಬ್ಬಿ ನಾಯಿ ನೋಡಲು, ಚೀಲ ನೋಡಲು ಆಗಾಗ ಜನ ಬರುತ್ತಾರೆ. ಒಮ್ಮೆ ನಾನು ಹೋದಾಗ ಹಳೆಯ ವಸ್ತುಗಳನ್ನು ಬಲ್ಲ ದೊಡ್ಡ ಮನುಷ್ಯರೊಬ್ಬರು ಬಂದಿದ್ದರು. ಕನ್ನಡಕ ಏರಿಸಿ, ಇಳಿಸಿ, ಹೊಲಿಗೆಯ ಮೇಲೆ ಉಗುರಾಡಿಸಿ, ‘ನಿಮ್ಮಪ್ಪನಿಗೂ ಹಿಂದಿಂದು ಇರಬೇಕ್ರಿ ಇದು’ ಎಂದರು. ಅಪ್ಪ, ‘ಇಲ್ರಿ, ಮಗಳು ಹೊಲಿದದ್ದು’ ಎಂದು ಎಂದಿನಂತೆ ನನ್ನ ಕಡೆ ಕೈ ತೋರಿಸಿದ. ಅವರೂ ಉಳಿದವರಂತೆ ನಂಬಲಿಲ್ಲ. ನನ್ನ ಕಡೆ ತಿರುಗಿ, ‘ಖರೆ ಹೇಳವಾ ತಂಗಿ. ಇದನ್ನ ಹೊಲಿದ ಕೈ ಈಗ ಎಲ್ಲಿ ಸಿಗಬೇಕು?’ ಎಂದರು.

ಹೊಲಿದವಳು ನಾನೇ ಎಂದರೆ ಅದು ಕುಬಸ ಹೊಲಿಯುವವಳ ಚೀಲವಾಗುತ್ತಿತ್ತು, ಅವರು ಕೂಡಲೇ ಅದರಲ್ಲಿ ಏನಾದರೂ ತಪ್ಪು ಹುಡುಕುತ್ತಿದ್ದರು. ನಾನು ಚಹಾದ ಕಪ್ಪು ಅವರ ಮುಂದಿಟ್ಟು, ‘ಹೌದ್ರಿ, ಅಂಥಾ ಕೈ ಈಗ ಎಲ್ಲಿ ಸಿಗತಾವ್ರಿ’ ಎಂದೆ. ಮತ್ತೆ, ಅವರು ಅದನ್ನು ಇನ್ನೊಂದಿಷ್ಟು ಹೊಗಳಲಿ ಎಂದು ಇನ್ನೊಂದು ಕಪ್ಪು ಚಹಾ ಮಾಡಲು ಒಳಗೆ ಹೋದೆ.