ಗೊತ್ತಿದ್ದೂ ಸುಮ್ಕಿರದ ನಮ್ಮ ಮಾಮಾ

ನಮ್ಮ ಸೋದರಮಾವ ನೋಡಾಕ ಹೋದ ನಾಟಕ ಯಾವತ್ತೂ ಪೂರ್ತಿ ಆಗಿಲ್ರಿ! ಮೂರನೇ ಅಂಕ ಬರೋದ್ರಾಗ ಗುಟ್ಟು ರಟ್ಟಾಗಿ, ಪಾತ್ರಧಾರಿಗಳು ಮುಖ ಮುಖ ನೋಡ್ಕೋತ ನಿಂತಿರ್ತಾರ. ರಟ್ಟು ಮಾಡೋರು ಯಾರು? ಮತ್ಯಾರು, ಮುಂದಿನ ಸಾಲಿನ್ಯಾಗ ಕುಂತ ನಮ್ಮ ಮಾಮಾ!

ಒಮ್ಮೆ ಸಿದ್ದಾಪುರದ ಹುಡುಗರು ನಾಟಕ ಆಡಿದ್ರು. ಅಣ್ಣನ ಹಾಲಿನ್ಯಾಗ ತಮ್ಮ ವಿಷ ಹಾಕಿದ್ದು ನಮಗೆಲ್ಲ ಗೊತ್ತು, ಅಣ್ಣಗ ಗೊತ್ತಿಲ್ಲ. ಅವ ಲೋಟ ತುಟಿಗೆ ತಂದ. ಮಾಮಾ ಎದ್ದು ನಿಂತ: "ಯಪ್ಪಾ, ಕುಡೀಬ್ಯಾಡೋ! ವಿಷ ಹಾಕ್ಯಾನ!" ಆ ಹುಡುಗ ಗಾಬರಿಯಾಗಿ ಖರೇನ ಹಾಲು ಚೆಲ್ಲಿಬಿಟ್ಟ. ಇನ್ನ ಸಾಯೋದ್ಹ್ಯಾಂಗ? ಪಾಪ, ವಿಷ ಹಾಕಿದ ತಮ್ಮನೇ ಕೇಳಿದ: "ಇನ್ನೊಂದು ಲೋಟ ತರ್ಲೇನಣ್ಣಾ?"

ನಾಟಕದ ಮಾಸ್ತರ್ ಬಂದು ಕೈ ಮುಗಿದ್ರು: "ಯಜಮಾನ್ರ, ನೋಡೋರಿಗೆ ಗೊತ್ತಿರಬೇಕು, ಪಾತ್ರಕ್ಕ ಗೊತ್ತಿರಬಾರದು. ಬರೆಯೋರ ಹಿಕಮತ್ತೇ ಅದು!"

"ಅಲ್ರೀ ಮಾಸ್ತರ, ಊರಿಗೆಲ್ಲಾ ಗೊತ್ತೈತಿ, ಸಾಯೋನೊಬ್ಬಗ ಗೊತ್ತಿಲ್ಲ. ಇದು ಹಿಕಮತ್ತಾ? ಅನ್ಯಾಯ!"

ಮನ್ಯಾಗ ಟಿವಿ ಮುಂದ ಕುಂತರೂ ಇದೇ ಹಾಡು. "ಅತ್ತಿ ಬಾಗಲ ಹಿಂದ ನಿಂತಾಳ ಬೇ, ಮೆಲ್ಲಕ ಮಾತಾಡು!" ಅಂತ ಧಾರಾವಾಹಿ ಸೊಸಿಗೆ ಹೇಳ್ತಾನ.

ಇಂಥಾ ಮನುಷ್ಯಾನ್ನ ಕನ್ಯಾ ನೋಡಾಕ ಬರೋ ದಿನ ಮನ್ಯಾಗ ಇಟ್ಕೋಬಹುದೇನ್ರಿ? ಕನ್ಯಾ ಯಾರಂದ್ರ ನಾನು. ನನಗ ಎಡಗಿವಿ ಕೇಳಂಗಿಲ್ಲ. ಅದೇ ಕಾರಣಕ್ಕ ಎರಡು ಸಂಬಂಧ ತಪ್ಪಿದ್ವು. ಹಿಂಗಾಗಿ ಈ ಸಲ ಅವ್ವ ತಾನೇ ನಾಟಕದ ಮಾಸ್ತರ್ ಆದ್ಲು. ನನ್ನ ಎಡಕ್ಕ ಗೋಡಿ, ಬಲಕ್ಕ ವರನ ಖುರ್ಚಿ! ಮಾಮಾಗ ಬ್ಯಾರೆ ತಾಕೀತು: "ತಮ್ಮಾ, ನನ್ನ ಮಗಳ ಬಾಳಿನ ಪ್ರಶ್ನೆ ಐತಿ. ಬಾಯಿ ಬಿಟ್ರ ನನ್ನಾಣಿ!"

ಗಂಗಾವತಿಯಿಂದ ವರ ಬಂದ. ಛಲೋ ಹುಡುಗ. ಮೆಲ್ಲಕ ಏನೇನೋ ಕೇಳಿದ, ನಾ ಪಟಪಟ ಉತ್ತರ ಕೊಟ್ಟೆ. ಅವ ನಕ್ಕ, ಮನಿಮಂದಿಯೆಲ್ಲ ನಕ್ಕರು. ಮಾಮಾ ಒಬ್ಬಾವ ಬೆವರಾಕತ್ತಿದ್ದ. ಬಾಯಿ ತುಂಬ ಅವಲಕ್ಕಿ ತುಂಬ್ಕೊಂಡ. ಆಮ್ಯಾಲ ಟಾವೆಲ್ ಕಚ್ಚಿದ. ಕಡೀಗೆ ತಡಕೊಳ್ಳಾಕ ಆಗ್ಲಿಲ್ಲ.

"ತಮ್ಮಾ, ಇಲ್ಲಿ ನಿನಗೊಬ್ಬಗ ಗೊತ್ತಿಲ್ಲಪಾ. ನಮ್ಮ ಹುಡುಗಿಗೆ ಎಡಗಿವಿ ಕೇಳಂಗಿಲ್ಲ!"

ವರನ ತಾಯಿ ಚಹಾದ ಕಪ್ಪು ಕೆಳಗಿಟ್ಟು, "ಊರಿಗೆ ಹೋಗಿ ತಿಳಸ್ತೀವ್ರಿ" ಅಂದ್ರು. ಆ ಮಾತಿನ ಅರ್ಥ ನಿಮಗೂ ಗೊತ್ತು, ನಮಗೂ ಗೊತ್ತು. ಅವ್ವ ಅಡಿಗಿ ಮನ್ಯಾಗ ಹೋಗಿ ಅಳಕೋತ ಕುಂತ್ಲು.

ನನಗೂ ಸಿಟ್ಟು ಬಂದಿತ್ತು, ಸುಳ್ಳ್ಯಾಕ ಹೇಳ್ಲಿ? ಹುಡುಗ ಮನಸ್ಸಿಗೆ ಹಿಡಿಸಿದ್ದ. ಆದ್ರ ಆ ಗೋಡಿ ಬಿಟ್ಟು ಎದ್ದ ಮ್ಯಾಲ ಮೈ ಹಗುರಾತು. ಕಿವಿ ಗುಟ್ಟು ಮುಚ್ಚಾಕಂತ ಆಯುಷ್ಯಪೂರ್ತಿ ಗಂಡನ ಎಡಗಡೆನ ಹುಡುಕಿ ಹುಡುಕಿ ಕುಂದ್ರೋದು ನನ್ನಿಂದ ಆಗ್ತಿತ್ತೇನು?

ಹೊರಗ ಕಟ್ಟಿ ಮ್ಯಾಲ ಕುಂತಿದ್ದೆ. ಮಾಮಾ ಬಂದು, ಬೇಕಂತ್ಲೇ ನನ್ನ ಎಡಗಡೆ ಕುಂತ. ಮುಖ ಆ ಕಡೆ ಮಾಡಿ ಪಿಸುಗುಟ್ಟಿದ: "ತಪ್ಪು ಮಾಡಿದೆ, ನನ್ನವ್ವಾ. ಎಲ್ಲಾರೂ ಕೂಡಿ ನಿನ್ನ ಮುಚ್ಚಿಟ್ಟಂಗ ಕಾಣಿಸ್ತು, ನೋಡಾಕ ಆಗ್ಲಿಲ್ಲ. ನಿನ್ನಾಗ ಮುಚ್ಚಿಡೋವಂಥಾದ್ದು ಏನೈತಿ?"

ನನಗ ಕೇಳಿಲ್ಲ ಅಂತ ತಿಳಕೊಂಡಿದ್ದ. ಬಲಗಿವಿಗೆ ಎಲ್ಲಾ ಕೇಳಿತ್ತು, ಎದಿ ತುಂಬಿ ಬಂದಿತ್ತು. ಹೇಳಿದ್ರ ನಾಚಿಕೊಂಡು ಎದ್ದು ಹೋಗ್ತಾನಂತ ಹೇಳಲಿಲ್ಲ. ಅವನ ಹೆಗಲಿಗೆ ತಲಿ ಆನಿಸಿ ಸುಮ್ಮನ ಕುಂತೆ.